ನಾಲ್ಕನೇ ದರ್ಜೆಯ ದಾರಿ

ಮುರೇಲಾ ಶೈರಿನ ನಕ್ಷೆ ನನ್ನ ಸೊಂಟಕ್ಕೆ ಗೊತ್ತು.
ಟಾರು ಮುಗಿದು ಮಣ್ಣು ಶುರುವಾಗುವಲ್ಲಿ ಎಡಗಡೆ ಚಳುಕು,
ಬೆಲ್‌ಹಾಮಿನ ರೈಲುಹಳಿ ದಾಟುವಾಗ ಬಲಗಡೆ.
ಹತ್ತೊಂಬತ್ತು ವರ್ಷ ಇದೇ ಹಳದಿ ಗ್ರೇಡರು,
ಇದೇ ಅಲಗು. ಅಲ್ಲ, ಅಲಗು ಎಷ್ಟೋ ಸಲ ಸವೆದು ಬದಲಾಗಿದೆ,
ಕೂತವಳು ಮಾತ್ರ ಇವಳೇ.

ಊರುಗಳು ಐದು, ಕಾಗದದ ಮೇಲೆ.
ಮುರೇಲಾದಲ್ಲಿ ಕಚೇರಿ, ಕಸಾಯಿಖಾನೆ, ಒಂದು ವೃತ್ತ,
ವೃತ್ತದ ನಡುವೆ ಸಿಮೆಂಟಿನ ಟಗರು;
ಅದರ ಒಂದು ಕೊಂಬು ಮೊನ್ನೆ ಯಾರದೋ ಟ್ರೇಲರಿಗೆ ಹೋಯಿತು.
ಬೆಲ್‌ಹಾಮಿನಲ್ಲಿ ಈಜುಕೊಳ, ಬೀಗದ ಕೈ ಬೇಕರಿಯವಳ ಹತ್ತಿರ.
ತಾರನೂಕಿನಲ್ಲಿ ಗೋಧಿಯ ಸೈಲೋ.
ಸಂಜೆ ನಾಲ್ಕಕ್ಕೆ ಅದರ ನೆರಳಲ್ಲಿ ಇಡೀ ಊರು ಹಿಡಿಸುತ್ತದೆ.
ಡನ್ವಿಕ್ಕಿಗೂ ಬೆಲ್‌ಹಾಮಿಗೂ ಹನ್ನೆರಡೇ ಕಿಲೋಮೀಟರು, ಮಾತಿಲ್ಲ:
ಅರವತ್ತೆಂಟರ ಫುಟ್‌ಬಾಲ್ ಫೈನಲ್ಲು.
ಸತ್ತವರೂ ಬೆನ್ನು ತಿರುಗಿಸಿಯೇ ಮಲಗಿದ್ದಾರೆ ಅನ್ನುತ್ತಿದ್ದ ಅಪ್ಪ.
ಅಪ್ಪ ಡನ್ವಿಕ್ಕಿನವ, ನಂಬಬೇಡಿ.
ಐದನೆಯದು ವಿಲ್ಗರಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಒಂದು ತಗಡಿನ ಹಾಲ್, ಒಂದು ಟೆನಿಸ್ ಅಂಗಳ,
ಯುದ್ಧಕ್ಕೆ ಹೋದ ಹನ್ನೊಂದು ಹೆಸರಿನ ಕಲ್ಲು.

ಫೆಬ್ರವರಿ ಸಭೆಯಲ್ಲಿ ಕೌನ್ಸಿಲರ್ ಥ್ರೆಲ್‌ಫಾಲ್ ಕನ್ನಡಕ ಒರೆಸುತ್ತ
‘ವಿಲ್ಗರಾ ದಾರಿ ನಾಲ್ಕನೇ ದರ್ಜೆಗೆ’ ಅಂದರು.
ನಾಲ್ಕನೇ ದರ್ಜೆ ಅಂದರೆ ಗ್ರೇಡರು ಹೋಗುವಂತಿಲ್ಲ.
ಅಂದರೆ ಮಳೆ ತನಗೆ ತೋಚಿದ ಕಡೆ ಹರಿಯಬಹುದು,
ಮೊಲ ಬಿಲ ತೋಡಬಹುದು,
ಬಿದ್ದರೆ ಜವಾಬ್ದಾರಿ ಬಿದ್ದವರದು.
ಕೈಗಳೆದ್ದವು, ಆರಕ್ಕೆ ಒಂದು.
ಆ ಒಂದು ಕೈ ಬಿಸ್ಕತ್ತಿಗೆ ಚಾಚಿದ್ದು ಅಂತಲೂ ಹೇಳುತ್ತಾರೆ.

ಏಪ್ರಿಲ್ ಹತ್ತು. ತಾರನೂಕಿನ ತಿರುವಿನಲ್ಲಿ
ಅಲಗೆತ್ತಿ ವಾಪಸು ಹೊರಡಬೇಕಿತ್ತು ನಾನು.
ಇಷ್ಟು ಉದ್ದದ ಗಾಡಿ ಹೊರಳಲು ಜಾಗ ಬೇಕು,
ಎರಡೂ ಬದಿ ಹೊಸ ಬಿತ್ತನೆ, ಅದಕ್ಕೇ ಮುಂದೆ ಹೋದೆ.
ಇದು ಸುಳ್ಳು.
ದಾರಿಯ ಪಕ್ಕೆಲುಬು ಕಾಣುತ್ತಿತ್ತು.
ಪಕ್ಕೆಲುಬು ಕಾಣುವ ಯಾವುದನ್ನೂ ಹಾಗೇ ಬಿಟ್ಟು ಬಂದು
ನನಗೆ ಅಭ್ಯಾಸವಿಲ್ಲ.

ಅಲಗಿನ ಅಂಚಿಂದ ಗರಸು ಜಡೆ ಹೆಣೆದಂತೆ ಬೀಳುತ್ತ ಬಂತು,
ಗುಲಾಬಿ ಎದೆಯ ಗಿಳಿಗಳು ಹಿಂದೆ ಹಿಂದೆ, ಕಾಳಿನಾಸೆಗೆ.
ಹಾಲ್ ಹತ್ತಿರ ಎಂಜಿನ್ನು ನಿಲ್ಲಿಸಿದೆ.
ಟೆನಿಸ್ ಅಂಗಳದಲ್ಲಿ, ನೆಟ್ಟು ಕಟ್ಟುವ ಕಂಬಗಳ ನಡುವೆ
ಹುರುಳಿಕಾಯಿ ಬಳ್ಳಿ. ಹಳೇ ಟೈರುಗಳಲ್ಲಿ ಮೆಣಸಿನಗಿಡ,
ಕೆನ್ನೆಗೆ ತಿಳಿಹಳದಿ ಲೇಪ ಬಳಿದ ಹೆಂಗಸು.
ನಾ ಪಾ ವಾ, ಅಂದಳು. ಕಸಾಯಿಖಾನೆಯ ರಾತ್ರಿ ಪಾಳಿ.
ಮೊದಲು ಥಾಯ್ ಗಡಿಯ ಕ್ಯಾಂಪು, ಆಮೇಲೆ ಮುರೇಲಾ,
ಈ ಮನೆ ಕೊಂಡು ನಾಲ್ಕು ತಿಂಗಳು.
ಎರಡು ಮನೆಯಿಂದ ಹನ್ನೆರಡು ಜನ.

ಚಪ್ಪಲಿ ಕಳಚಿ ಹೊಸ ದಾರಿಯ ಮೇಲೆ ಹತ್ತು ಹೆಜ್ಜೆ ನಡೆದಳು,
ಹಿಂತಿರುಗಿ ಬಂದು ಕೇಳಿದಳು:
‘ಇನ್ನು ಸ್ಕೂಲ್ ಬಸ್ಸು ಬರುತ್ತದಾ?’
ನೀವಿಲ್ಲಿರುವುದು ಕಚೇರಿಗೆ ಗೊತ್ತಾ, ಅಂದೆ.
ಒಳಗೆ ಹೋಗಿ ಮಡಿಸಿದ ಕಾಗದ ತಂದಳು,
ಕಂದಾಯದ ಚೀಟಿ. ಕಂತು ಮೂರು.
ಕಂದಾಯಕ್ಕೆ ದಾರಿ
ಯಾವ ದರ್ಜೆಯದಾದರೂ ನಡೆಯುತ್ತದೆ.

ಅಂದಿನ ಪುಸ್ತಕದಲ್ಲಿ ಡೀಸೆಲ್ಲು, ಗಂಟೆ, ಎಲ್ಲ ಬರೆದು
ಷರಾ ಕಾಲಮ್ಮಿನಲ್ಲಿ ಹೀಗೆ ಹಾಕಿದೆ:
‘ವಿಲ್ಗರಾ ದಾರಿ, ಹನ್ನೊಂದು ಕಿ.ಮೀ.
ಅಲಗು ಇಳಿದೇ ಇತ್ತು, ಗಮನಿಸಲಿಲ್ಲ.
ದಾರಿ ಬಳಕೆಯಲ್ಲಿದೆ.’
ಸಹಿ, ನೋರೀನ್ ಪಾಸ್ಕೋ.

ಸೋಮವಾರ ಮೇಲ್ವಿಚಾರಕ ಲಿಂಡನ್ ಕರೆದ.
‘ಹನ್ನೊಂದು ಕಿಲೋಮೀಟರು ಗಮನಿಸಲಿಲ್ಲವಾ?’
ಅವಳು ಕೊಟ್ಟ ಚೀಲದಿಂದ ಒಂದು ಮೆಣಸಿನಕಾಯಿ
ಮೇಜಿನ ಮೇಲಿಟ್ಟೆ, ಕಿರುಬೆರಳಷ್ಟೂ ಇರಲಿಲ್ಲ.
ಬೆಲ್‌ಹಾಮಿನವ, ಇಡಿಯಾಗಿ ಬಾಯಿಗೆ ಹಾಕಿಕೊಂಡ.
ಕಣ್ಣು, ಮೂಗು ಒರೆಸಿಕೊಂಡು ಮುಗಿಯುವ ಹೊತ್ತಿಗೆ
ಫೈಲಿನ ಮೇಲೆ ಹನಿ ಬಿದ್ದಿತ್ತು, ಪಕ್ಕದಲ್ಲಿ ಅವನ ಸಹಿ.

ಬಸ್ಸಿನ ಸುದ್ದಿ ಇನ್ನೂ ಬಂದಿಲ್ಲ.
ನಾಳೆ ಡನ್ವಿಕ್ಕಿನ ಸರದಿ.
ಆ ಕಡೆಯ ಗರಸು ಕೆಟ್ಟದ್ದು, ಬೇಗ ಹೊರಡಬೇಕು.